ತುಂಬಿ ನಿಂತ ಕಟ್ಟೆ

ಮರಿಯಪ್ಪನಿಗೆ ಸಿಟ್ಟು ಬರಿಸಲು ಹೆಚ್ಚು ಕಷ್ಟಪಡಬೇಕಾಗಿರಲಿಲ್ಲ. ಮಳೆಯ ವಿಷಯದಲ್ಲಿ ಅವನಿಗೆ ಎದುರಾಡಿದರೆ ಸಾಕಿತ್ತು. ಕೋಲ್ಕತ್ತದ ಅಲಿಪುರದ ಹವಾಮಾನ ಕಚೇರಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ ಸೇರಿ, ಮೀಸೆ ಬೆಳ್ಳಗಾದ ಮೇಲೆ ನಿವೃತ್ತನಾದ ಮನುಷ್ಯ ಅವನು. ಅಲ್ಲಿನ ಕನ್ನಡದ ಮನೆಗಳವರು ಮದುವೆಗೆ ಹಾಲ್ ಗೊತ್ತು ಮಾಡುವ ಮುಂಚೆ, ಪುರಿಗೆ ಟಿಕೆಟ್ ತೆಗೆಯುವ ಮುಂಚೆ ಅವನಿಗೊಂದು ಫೋನು ಮಾಡಿ ‘ಮಳೆ ಹೇಗೆ ಸಾರ್?’ ಎಂದು ಕೇಳುವುದು ರೂಢಿ. ಟೀವಿಯವರು ಹೇಳಿದ್ದು ತಪ್ಪಿದರೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮರಿಯಪ್ಪ ಹೇಳಿದ್ದು ತಪ್ಪಿದರೆ ಅವನೇ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ಹುಟ್ಟಿದ್ದು ಮಂಡ್ಯದ ಕಡೆ. ಅಲ್ಲಿ ಮುಂಗಾರು ಹಿಡಿಯಿತೆಂದರೆ ಬಸ್‌ಸ್ಟ್ಯಾಂಡಿನಲ್ಲಾಗಲಿ, ಕ್ಷೌರದಂಗಡಿಯಲ್ಲಾಗಲಿ ಜನ ಮೊದಲು ಕೇಳುವ ಮಾತು ‘ಕಟ್ಟೆ ಎಷ್ಟಾಯ್ತಂತೆ?’ ಎಂದು. ಕಟ್ಟೆ ಎಂದರೆ ಕನ್ನಂಬಾಡಿ ಕಟ್ಟೆ, ಬೇರೆ ಯಾವುದೂ ಅಲ್ಲ. ನೀರು ಒಂದೊಂದು ಅಡಿ ಏರಿದಂತೆ ಜನರ ಮುಖದಲ್ಲಿ ಒಂದೊಂದು ಅಡಿ ಕಳೆ ಏರುತ್ತದೆ. ಕಟ್ಟೆ ತುಂಬಿತೆಂದರೆ ಅಂದೇ ಹಬ್ಬ. ಕೋಲ್ಕತ್ತಕ್ಕೆ ಬಂದು ಬಾಳಿನ ಮುಕ್ಕಾಲು ಪಾಲು ಕಳೆದರೂ ಮರಿಯಪ್ಪನ ಒಳಗೆ ಈ ಲೆಕ್ಕ ಅಲುಗಾಡದೆ ಕೂತಿತ್ತು. ತುಂಬಿದ್ದು ಒಳ್ಳೆಯದು, ಇಳಿದದ್ದು ಕೆಟ್ಟದ್ದು.

ನೀಲ್‌ಝೋರಾ ಕಂಪನಿ ಅವನ ಕಣ್ಣಿಗೆ ಬಿದ್ದದ್ದೂ ಈ ಲೆಕ್ಕದಿಂದಲೇ. ಉತ್ತರದ ಬೆಟ್ಟಗಳಲ್ಲಿ ಒಂದು ಹೊಳೆಗೆ ಅಡ್ಡಲಾಗಿ ಕಟ್ಟೆ ಹಾಕಿ, ಅದರ ಹಿಂದೆ ನಿಂತ ನೀರನ್ನು ಬೆಟ್ಟದೊಳಗಿನ ಸುರಂಗದ ಮೂಲಕ ಕೆಳಗೆ ಇಳಿಸಿ ಕರೆಂಟು ಮಾಡುವ ಕಂಪನಿ ಅದು. ಕೆರೆಯಲ್ಲಿ ನೀರೆಷ್ಟಿದೆ ಎಂಬುದನ್ನು ದಿನಾ ಬೆಳಿಗ್ಗೆ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತಿತ್ತು. ಮರಿಯಪ್ಪನಿಗೆ ಅಷ್ಟೇ ಸಾಕಾಯಿತು. ಮಳೆ ಬಂದರೆ ಕಟ್ಟೆ ತುಂಬುತ್ತದೆ, ಕಟ್ಟೆ ತುಂಬಿದರೆ ಕರೆಂಟು, ಕರೆಂಟಾದರೆ ಲಾಭ, ಲಾಭವಾದರೆ ಷೇರಿನ ದರ ಏರುತ್ತದೆ. ಮಳೆ ಎಷ್ಟು ಬಂದೀತೆಂದು ಹೇಳುವುದಕ್ಕೆ ಅವನಿಗಿಂತ ಬಲ್ಲವರು ಬೇಕೆ? ಮೂರು ಮಳೆಗಾಲ ಅವನು ಅಂದಂತೆಯೇ ನಡೆಯಿತು. ಅವನ ಮಾತು ಕೇಳಿ ಆ ಷೇರು ಕೊಂಡ ಕನ್ನಡದ ಮನೆಗಳವರು ಅವನಿಗೆ ಯುಗಾದಿಗೆ ಹೋಳಿಗೆ ಕಳಿಸಿದರು. ಅವನ ನಡಿಗೆಯೇ ಸ್ವಲ್ಪ ಬದಲಾಯಿತೆಂದು ಹೆಂಡತಿ ವಾಸಂತಿ ಕಾಲೆಳೆಯುತ್ತಿದ್ದಳು.

ಕೊಂಡವರಲ್ಲಿ ಕೃಷ್ಣವೇಣಿಯೂ ಒಬ್ಬಳು. ಮರಿಯಪ್ಪನ ಅಣ್ಣ ದೊಡ್ಡಯ್ಯನ ಹೆಂಡತಿ. ದೊಡ್ಡಯ್ಯ ರೈಲ್ವೆಯಲ್ಲಿದ್ದ, ನಿವೃತ್ತಿಗೆ ಇನ್ನೂ ಕಾಲವಿರುವಾಗಲೇ ಹೃದಯ ನಿಂತು ಹೋದ. ಮಕ್ಕಳಿರಲಿಲ್ಲ. ರೈಲ್ವೆಯವರು ಕೊಟ್ಟ ಹಣವನ್ನು ಅವಳು ಮೈದುನನ ಮುಂದಿಟ್ಟು, “ನಿಂಗೆ ಸರಿ ಕಂಡಂಗೆ ಮಾಡಪ್ಪ,” ಎಂದಿದ್ದಳು. ಅವನು ಅದನ್ನೆಲ್ಲ ನೀಲ್‌ಝೋರಾಕ್ಕೆ ಹಾಕಿದ.

ಅವಳಿಗೂ ಅವನಿಗೂ ಇದ್ದ ನಂಟನ್ನು ಅತ್ತಿಗೆ ಮೈದುನ ಎಂದು ಹೇಳಿ ಮುಗಿಸಲಾಗದು. ಕೆಲಸ ಸಿಕ್ಕಿ, ಒಂದು ತಗಡಿನ ಪೆಟ್ಟಿಗೆ ಹಿಡಿದು ಅವನು ಹೌರಾದಲ್ಲಿ ಇಳಿದಾಗ ಇರಲು ಜಾಗ ಕೊಟ್ಟವಳು ಅವಳು. ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ನೆಲ ಅಂತಸ್ತಿನ ಬಾಡಿಗೆ ಮನೆ. ಇದ್ದ ಎರಡು ಕೋಣೆಗಳಲ್ಲಿ ಒಂದನ್ನು ಅವನಿಗೆ ಬಿಟ್ಟುಕೊಟ್ಟಳು. ಊರಿಂದ ರೈಲಿನವರ ಕೈಯಲ್ಲಿ ರಾಗಿ ತರಿಸಿ ಅವನಿಗೆ ಮುದ್ದೆ ಮಾಡಿ ಹಾಕಿದಳು. ಮೊದಲ ವರ್ಷ ಮಲೇರಿಯಾ ಬಂದಾಗ ರಾತ್ರಿ ಹಗಲೆನ್ನದೆ ಹಣೆಗೆ ತಣ್ಣೀರು ಪಟ್ಟಿ ಇಟ್ಟವಳೂ ಅವಳೇ. ಅವನಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಆದರೆ ತಾಯಿಯನ್ನು ನೆನೆಸಿಕೊಂಡಾಗ ಅವನಿಗೆ ಅತ್ತಿಗೆಯ ಮುಖವೇ ಮೊದಲು ಬರುತ್ತಿತ್ತು. ಆಮೇಲೆ ಅವನು ಮದುವೆಯಾಗಿ ಬೆಹಾಲಾದಲ್ಲಿ ಫ್ಲಾಟು ಮಾಡಿಕೊಂಡರೂ ವಾರಕ್ಕೊಮ್ಮೆ ಲೇಕ್ ಗಾರ್ಡನ್ಸಿಗೆ ಹೋಗಿ ಉಂಡು ಬರದಿದ್ದರೆ ಏನೋ ಕಳೆದುಕೊಂಡವನಂತೆ ಇರುತ್ತಿದ್ದ.

ಆ ಮನೆಗೂ ಅವಳಿಗೂ ಬಿಡಿಸಲಾಗದ ಗಂಟು. ಬೀದಿಗೆ ಮುಖ ಮಾಡಿದ ಜಗುಲಿಯ ಮೇಲೆ ಸಂಜೆಯಾದರೆ ಪಾಡಾದ, ಅಂದರೆ ಆ ಕೇರಿಯ, ಹೆಂಗಸರೆಲ್ಲ ಬಂದು ಕೂರುತ್ತಿದ್ದರು. ಬಂಗಾಳಿಯಲ್ಲಿ ಬೌದಿ ಎಂದರೆ ಅತ್ತಿಗೆ, ಇಡೀ ಪಾಡಾಕ್ಕೆ ಅವಳು ಬೌದಿ. ಇದಕ್ಕೆ ಮರಿಯಪ್ಪನಿಗೆ ಒಳಗೊಳಗೇ ಹೊಟ್ಟೆಕಿಚ್ಚಿತ್ತು ಎಂದರೆ ಸುಳ್ಳಲ್ಲ. ಅವಳ ಬಂಗಾಳಿ ಮಂಡ್ಯದ ಎಳೆತದಲ್ಲಿ ಬರುತ್ತಿತ್ತು, ಯಾರೂ ನಗುತ್ತಿರಲಿಲ್ಲ. ಊರಿಗೆ ಹೋಗಿ ಇರು ಎಂದು ಯಾರಾದರೂ ಹೇಳಿದರೆ, “ಅಲ್ಲಿ ನನ್ ಗುರ್ತು ಹಿಡಿಯೋರು ಯಾರವ್ರೆ?” ಎಂದು ಮಾತು ಮುಗಿಸುತ್ತಿದ್ದಳು.

ಆ ವರ್ಷ ಆಷಾಢದಲ್ಲಿ ಮನೆಯ ಮಾಲೀಕ ಬಿಮಲ್ ದತ್ತ ಬಂದು ಕೂತ. ಒಳ್ಳೆಯ ಮನುಷ್ಯ. ಮಗನ ಹತ್ತಿರ ಹೋಗುತ್ತಿದ್ದೇನೆ ಬೌದಿ, ಮನೆ ಮಾರಬೇಕು ಅಂದ. ಬಿಲ್ಡರುಗಳು ಬಾಗಿಲಲ್ಲೇ ನಿಂತಿದ್ದಾರೆ, ಆದರೂ ಮೊದಲು ನಿಮ್ಮನ್ನೇ ಕೇಳುತ್ತೇನೆ, ನಿಮ್ಮ ಭಾಗವನ್ನು ನೀವೇ ಕೊಂಡುಕೊಂಡರೆ ನನಗೂ ಸಮಾಧಾನ, ದಸರೆ ಕಳೆದು ಬರುವ ಲಕ್ಷ್ಮೀಪೂಜೆಯವರೆಗೆ ಕಾಯುತ್ತೇನೆ ಅಂದ. ಅವನು ಕೇಳಿದ ಬೆಲೆಯೂ ನ್ಯಾಯದ್ದೇ.

ಮಾರನೆಯ ಭಾನುವಾರ ಅತ್ತಿಗೆ ಇದನ್ನು ಮರಿಯಪ್ಪನಿಗೆ ಹೇಳಿದಾಗ ಅವಳ ಮುಖ ಹುಡುಗಿಯ ಮುಖದಂತೆ ಅರಳಿತ್ತು. ಷೇರು ಅಂದಿನ ದರಕ್ಕೆ ಮಾರಿದರೆ ಬೆಲೆಯ ಬಹುಪಾಲು ಬರುತ್ತಿತ್ತು. ಉಳಿದದ್ದಕ್ಕೆ ಅವಳು ದಾರಿ ಕಂಡುಕೊಂಡಿದ್ದಳು.

“ಬಳೆ ಅವಲ್ಲ, ನಿಮ್ಮಣ್ಣ ಮಾಡ್ಸಿದ್ದು. ಅವನ್ನ ಕೊಟ್ಬುಟ್ರೆ ಆಯ್ತದೆ. ಈಗ ನಾನೇನ್ ತೊಟ್ಕಂಡು ಮೆರೀಬೇಕಾ?”

ಆ ಬಳೆ ಮಾಡಿಸಲು ಅಣ್ಣ ಎಷ್ಟು ವರ್ಷ ಓವರ್‌ಟೈಮ್ ಮಾಡಿದ್ದನೆಂದು ಮರಿಯಪ್ಪನಿಗೆ ಗೊತ್ತಿತ್ತು.

“ಬಳೆ ಮುಟ್‌ಬ್ಯಾಡ ಅತ್ಗೆ,” ಎಂದ. “ಈ ಸಲ ಬೆಟ್ಟದ ಕಡೆ ಮಳೆ ಜೋರೈತೆ. ನಾನ್ ಹೇಳ್ತಿವ್ನಿ ಕೇಳು. ಶ್ರಾವಣ ಮುಗಿಯೋ ಒಳ್ಗೆ ಕಟ್ಟೆ ತುಂಬ್ತದೆ. ತುಂಬುದ್ಮೇಲೆ ದರ ಏರ್ತದೆ. ಆವಾಗ ಮಾರು. ಮನೇನೂ ಬತ್ತದೆ, ಬಳೇನೂ ಉಳೀತವೆ.”

“ಈಗ್ಲೇ ಮಾರ್ಬುಡಾನ ಅಂತ ನನ್ ಮನ್ಸು. ಹೆಚ್ಗೆ ಬ್ಯಾಡ ಕಣಪ್ಪ ನಂಗೆ.”

“ಅತ್ಗೆ, ಮಳೆ ವಿಚಾರ ನಂಗ್ ಬುಡು.”

ಅವಳು ಬಿಟ್ಟಳು.

ಮಳೆ ಅವನ ಮಾತನ್ನು ತಪ್ಪಿಸಲಿಲ್ಲ. ಅದೇ ಆಮೇಲೆ ಅವನಿಗೆ ಎಲ್ಲಕ್ಕಿಂತ ನೋವಿನ ಸಂಗತಿಯಾಯಿತು. ಉತ್ತರದ ಬೆಟ್ಟಗಳ ಮೇಲೆ ಆ ವರ್ಷ ಆಕಾಶವೇ ಕಳಚಿ ಬಿದ್ದಂತೆ ಸುರಿಯಿತು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ಅವನು ಫೋನಿನಲ್ಲಿ ಕೆರೆಯ ಮಟ್ಟ ನೋಡುತ್ತಿದ್ದ. ನೋಡಿ, ಅಡುಗೆಮನೆಯಲ್ಲಿದ್ದ ವಾಸಂತಿಗೆ ಕೂಗಿ ಹೇಳುತ್ತಿದ್ದ. ಆಮೇಲೆ ಅತ್ತಿಗೆಗೆ ಫೋನು. ಅತ್ತಿಗೆಯೂ ಹಲೋ ಎನ್ನುತ್ತಿರಲಿಲ್ಲ, “ಕಟ್ಟೆ ಎಷ್ಟಾಯ್ತ್ಲಾ ಮರಿ?” ಎಂದೇ ಶುರುಮಾಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಶ್ರಾವಣದ ಕೊನೆಯ ವಾರ ಕೆರೆ ಅಂಚಿನವರೆಗೆ ತುಂಬಿತು.

ತುಂಬಿದ ಕಟ್ಟೆಗೆ ಬಾಗಿನ ಕೊಡದೆ ಇರುವುದುಂಟೆ? ಮರಿಯಪ್ಪನ ತಲೆಗೆ ಇದು ಹೊಕ್ಕಿತು. ಆ ಬೆಟ್ಟದ ಕೆರೆ ಎಲ್ಲಿ, ಕೋಲ್ಕತ್ತ ಎಲ್ಲಿ ಎಂದು ವಾಸಂತಿ ಕೇಳಿದ್ದಕ್ಕೆ, ಎಲ್ಲ ನೀರೂ ಒಂದೇ, ಗಂಗೆಗೆ ಕೊಟ್ಟರೆ ಆಯಿತು ಎಂದ. ಷೇರು ಕೊಂಡ ಮನೆಗಳವರಿಗೆಲ್ಲ ಫೋನು ಹೋಯಿತು. ಲೇಕ್ ಮಾರ್ಕೆಟ್ಟಿನಲ್ಲಿ ಬಿದಿರಿನ ಮೊರ ಸಿಕ್ಕವು. ಅರಿಶಿನ, ಕುಂಕುಮ, ಗಾಜಿನ ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಬೇಳೆ, ಬೆಲ್ಲ ಎಲ್ಲವನ್ನೂ ಜೋಡಿಸಿ, ಮೊರದ ಮೇಲೆ ಮೊರ ಮುಚ್ಚಿ, ಅರಿಶಿನದ ದಾರ ಸುತ್ತಿದವಳು ಕೃಷ್ಣವೇಣಿ. ಆದರೆ ಗಂಗೆಯ ದಡದ ಬಾಬುಘಾಟಿನಲ್ಲಿ ಹೆಂಗಸರೆಲ್ಲ ನೀರಿನ ಹತ್ತಿರ ಇಳಿದಾಗ ಅವಳು ಮೇಲಿನ ಮೆಟ್ಟಿಲಲ್ಲೇ ನಿಂತಳು. ಬಾಗಿನ ಮುತ್ತೈದೆಯರು ಕೊಡುವಂಥದು.

“ಅತ್ಗೆ, ಬಾ ಇಲ್ಲಿ,” ಎಂದ ಮರಿಯಪ್ಪ.

“ನಾನ್ ಇಲ್ಲೇ ಇರ್ತೀನಿ ಬುಡಪ್ಪ.”

“ಮನೆ ನಿಂದು, ಕಟ್ಟೆ ತುಂಬಿದ್ದು ನಿನ್ ಮನೆಗೆ. ನೀನ್ ಮುಟ್‌ದೆ ಯಾರ್ ಮುಟ್ಟೋರು?”

ಇಬ್ಬರು ಮೂವರು ಹೆಂಗಸರು ಮುಖ ಮುಖ ನೋಡಿಕೊಂಡರು. ಮರಿಯಪ್ಪ ಅವರತ್ತ ಒಂದು ನೋಟ ಬೀರಿದ. ಅದನ್ನು ಕಂಡವರು ಸುಮ್ಮನಾದರು. ಅತ್ತಿಗೆ ಇಳಿದು ಬಂದು ಮೊರದ ಅಂಚಿಗೆ ಕೈಯಿಟ್ಟಳು. ವಾಸಂತಿ ಅದನ್ನು ನೀರಿಗೆ ಬಿಟ್ಟಳು. ಮೊರ ಗಂಗೆಯ ಕೆಂಪು ನೀರಿನಲ್ಲಿ ಸ್ವಲ್ಪ ದೂರ ತಿರುಗುತ್ತ ಹೋಯಿತು. ಅತ್ತಿಗೆಯ ಕಣ್ಣು ತುಂಬಿದ್ದನ್ನು ಕಂಡು ಮರಿಯಪ್ಪನಿಗೆ ತನ್ನ ಬಾಳು ಸಾರ್ಥಕವಾಯಿತು ಎನಿಸಿತು. ಆ ದಿನದ ಮಟ್ಟಿಗೆ ಅವನಷ್ಟು ಸುಖಿ ಆ ಊರಲ್ಲಿ ಬೇರೆ ಯಾರೂ ಇರಲಾರರು.

ಕೆರೆ ತುಂಬಿಯೇ ಇತ್ತು. ಭಾದ್ರಪದ ಬಂತು, ಕೋಲ್ಕತ್ತದಲ್ಲಿ ಮೈಗೆ ಬಟ್ಟೆ ಅಂಟುವ ಸೆಕೆ ಹಿಡಿಯಿತು. ದಿನಾ ಬೆಳಿಗ್ಗೆ ನೋಡಿದರೆ ಅದೇ ಮಟ್ಟ, ಒಂದು ಬೆರಳೂ ಇಳಿದಿಲ್ಲ. ದರ ಮಾತ್ರ ಏರಲಿಲ್ಲ. ಅಲ್ಲೇ ನಿಂತು, ಆಮೇಲೆ ಸ್ವಲ್ಪ ಸ್ವಲ್ಪ ಜಾರತೊಡಗಿತು. ಮಾರುಕಟ್ಟೆಗೆ ಸುದ್ದಿ ಮುಟ್ಟಲು ಕಾಲ ಬೇಕು ಎಂದ ಮರಿಯಪ್ಪ.

ಹಯವದನರು ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರಿನವರು, ಮರಿಯಪ್ಪನ ಜೊತೆ ಇಪ್ಪತ್ತು ವರ್ಷ ಬೆಳಗಿನ ವಾಕಿಂಗ್ ಮಾಡಿದವರು. ಗಣಪತಿ ಹಬ್ಬಕ್ಕೆ ಕನ್ನಡದವರೆಲ್ಲ ಸೇರಿದ್ದಾಗ ಅವರು ಮರಿಯಪ್ಪನನ್ನು ಪಕ್ಕಕ್ಕೆ ಕರೆದು, “ನಾನು ನೀಲ್‌ಝೋರಾ ಪೂರ್ತಿ ಮಾರಿಬಿಟ್ಟೆ ಮರಿಯಪ್ಪನವರೇ. ಯಾಕೋ ಮನಸ್ಸಿಗೆ ಸರಿ ಬರಲಿಲ್ಲ. ದೊಡ್ಡ ದೊಡ್ಡವರು ಸದ್ದಿಲ್ಲದೆ ಮಾರುತ್ತಿದ್ದಾರೆ. ನೀವೂ ಸ್ವಲ್ಪ ಯೋಚನೆ ಮಾಡಿ,” ಎಂದರು. ಮೆಲ್ಲಗೇ ಹೇಳಿದರು. ಮರಿಯಪ್ಪ ಮೆಲ್ಲಗೆ ಕೇಳಿಸಿಕೊಳ್ಳಲಿಲ್ಲ.

“ಕಟ್ಟೆ ತುಂಬಿ ತುಳುಕ್ತಾ ಐತೆ. ತುಂಬಿದ ಕಟ್ಟೆ ಬುಟ್ಟು ಓಡೋಗೋರ್ಗೆ ನಾನೇನ್ ಹೇಳ್ಲಿ ಸ್ವಾಮಿ? ಇಷ್ಟ್ ದಿವ್ಸ ನನ್ ಮಾತ್‌ನಿಂದ ಉಂಡ್ರಲ್ಲ, ಆವಾಗ ಮನ್ಸಿಗೆ ಸರಿ ಬಂದಿತ್ತಾ?”

ಮಾತು ಪೆಂಡಾಲಿನ ಆ ತುದಿಯವರೆಗೆ ಕೇಳಿಸಿತು. ಹಯವದನರು ಮುಖ ಸಣ್ಣದು ಮಾಡಿಕೊಂಡು ಸರಿದುಹೋದರು. ಅಂದಿನಿಂದ ಮರಿಯಪ್ಪ ಅವರೊಂದಿಗೆ ಮಾತು ಬಿಟ್ಟ. ವಾಕಿಂಗಿಗೆ ಬೇರೆ ದಾರಿ ಹಿಡಿದ. ಎದುರು ಸಿಕ್ಕರೆ ಗಾಳಿಯನ್ನು ನೋಡಿದಂತೆ ನೋಡಿ ಮುಂದೆ ಹೋಗುತ್ತಿದ್ದ. ಅವರ ಹೆಂಡತಿ ಮೊಣಕಾಲಿನ ಆಪರೇಷನ್ನಿಗೆ ಆಸ್ಪತ್ರೆ ಸೇರಿದಾಗ ವಾಸಂತಿ, ಕೃಷ್ಣವೇಣಿ ನೋಡಿಕೊಂಡು ಬಂದರು. ಅವನು ಹೋಗಲಿಲ್ಲ. “ಇಪ್ಪತ್ ವರ್ಷದ ಸ್ನೇಹ ಕಣೋ,” ಎಂದಳು ಅತ್ತಿಗೆ. “ನನ್ ಮಾತ್ ನಂಬ್‌ದೋರು ನಂಗ್ಯಾಕೆ?” ಎಂದ ಅವನು. ಅತ್ತಿಗೆ ಅವನನ್ನೇ ಸ್ವಲ್ಪ ಹೊತ್ತು ನೋಡಿ, ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಮಗಳು ನಿಹಾರಿಕಾ ನ್ಯೂ ಟೌನಿನ ಒಂದು ಆಫೀಸಿನಲ್ಲಿ ಅಂಕಿಅಂಶಗಳ ಕೆಲಸ ಮಾಡುತ್ತಿದ್ದಳು. ಅತ್ತಿಗೆಯ ಫೋನಿನಲ್ಲಿ ಷೇರಿನ ಆ್ಯಪ್ ಹಾಕಿಕೊಟ್ಟವಳೂ ಅವಳೇ. ಒಂದು ಸಂಜೆ ಕ್ಯಾಬಿನಿಂದ ಇಳಿದು ಬಂದವಳು ಚಪ್ಪಲಿಯನ್ನೂ ಬಿಡದೆ ಅಪ್ಪನ ಮುಂದೆ ನಿಂತಳು.

“ಅಪ್ಪಾ, ಒಂದ್ ವಿಷ್ಯ. ಆ ಲೇಕ್ ಡೈಲಿ ಸೇಮ್ ಲೆವೆಲ್ ಇದೆ ಅಲ್ವಾ? ಅದು ಗುಡ್ ಅಲ್ಲ ಅನ್ಸುತ್ತೆ. ನೀರು ಟನಲ್‌ಗೆ ಹೋಗ್ತಾ ಇದ್ರೆ ಸ್ವಲ್ಪ ಮೇಲೆ ಕೆಳಗೆ ಆಗ್ಬೇಕಲ್ವಾ? ನಾನು ಪವರ್ ರಿಪೋರ್ಟ್ ನೋಡ್ದೆ, ಅಲ್ಲಿ ನೀಲ್‌ಝೋರಾ...”

“ನೋಡವ್ವ,” ಎಂದ ಮರಿಯಪ್ಪ. ಧ್ವನಿ ಏರಿಸಲಿಲ್ಲ. ಏರಿಸಿದ್ದರೇ ಚೆನ್ನಾಗಿತ್ತು. “ನೀನ್ ಹುಟ್ಟಕ್ ಮುಂಚಿಂದ ನಾನ್ ಮಳೆ ಅಳೀತಿವ್ನಿ. ನೀರ್ ವಿಚಾರ ನಂಗೆ ಹೇಳ್ಕೊಡ್‌ಬ್ಯಾಡ. ಹಯವದನ್ರು ಏನಾರ ಫೋನ್ ಮಾಡಿದ್ರಾ ನಿಂಗೆ?”

ಅವಳು ಏನೋ ಹೇಳಲು ಹೋಗಿ ತಾಯಿಯ ಕಡೆ ನೋಡಿದಳು. ವಾಸಂತಿ ಬೇಡವೆಂದು ಕಣ್ಣಲ್ಲೇ ಹೇಳಿದಳು. ಅಲ್ಲಿಗೆ ಮಾತು ನಿಂತಿತು.

ಮಹಾಲಯದ ಹಿಂದಿನ ದಿನ ಕಂಪನಿಯವರೇ ಬಾಯಿ ಬಿಟ್ಟರು. ಶ್ರಾವಣದ ಮಳೆಗೆ ಬೆಟ್ಟ ಜರಿದು ಸುರಂಗದ ಬಾಯಿಗೆ ಕಲ್ಲು ಮಣ್ಣು ತುಂಬಿದೆ, ಅಂದಿನಿಂದ ಯಂತ್ರಗಳು ನಿಂತಿವೆ, ಸರಿಪಡಿಸಲು ವರ್ಷಗಳೇ ಬೇಕಾಗಬಹುದು ಎಂದು. ಕೆರೆ ತುಂಬಿ ನಿಂತದ್ದು ನೀರಿಗೆ ಇಳಿಯುವ ದಾರಿ ಇಲ್ಲದೆ. ಬಂದ ನೀರೆಲ್ಲ ಕಟ್ಟೆಯ ಬಾಗಿಲಿನಿಂದ ಸುಮ್ಮನೆ ಹೊಳೆಗೆ ಹೋಗುತ್ತಿತ್ತು. ಒಂದು ದೀಪವೂ ಅದರಿಂದ ಉರಿದಿರಲಿಲ್ಲ.

ಮರಿಯಪ್ಪ ಫೋನನ್ನು ಮೇಜಿನ ಮೇಲಿಟ್ಟು ಕೂತೇ ಇದ್ದ. ಊರಿನ ಕಟ್ಟೆ ಬೇಸಿಗೆಗೆಂದು ನೀರು ಕೂಡಿಡುವ ಕಟ್ಟೆ, ಅದು ತುಂಬಿ ನಿಂತರೆ ಸಂಪತ್ತು. ಈ ಬೆಟ್ಟದ ಕೆರೆ ಕೂಡಿಡುವುದಲ್ಲ, ದಿನಾ ಕುಡಿದು ದಿನಾ ಇಳಿಸಬೇಕಾದದ್ದು. ಇಷ್ಟು ಸಣ್ಣ ವಿಷಯ. ಮಳೆಯನ್ನು ಅಷ್ಟು ಬಲ್ಲವನು ಇದನ್ನು ಕೇಳಿ ತಿಳಿಯಬಹುದಿತ್ತು. ಕೇಳಬೇಕೆಂದು ಅವನಿಗೆ ಅನಿಸಲೇ ಇಲ್ಲ. ಮಗಳು ಬಾಯಿ ತೆರೆದಾಗಲೂ ಮುಚ್ಚಿಸಿದ್ದ. ಅವಳು ಆಡದೆ ಉಳಿಸಿದ ಮಾತು ಏನಿತ್ತೆಂದು ಈಗ ತಿಳಿಯಿತು.

ದರ ಬಿತ್ತು. ಮಾರುತ್ತೇನೆಂದರೂ ಕೊಳ್ಳುವವರಿಲ್ಲದೆ ದಿನದಿನಕ್ಕೆ ಬಿದ್ದು, ದುರ್ಗಾಪೂಜೆಯ ಪೆಂಡಾಲುಗಳಲ್ಲಿ ಡೋಲು ಬಾರಿಸುವ ಹೊತ್ತಿಗೆ ಅತ್ತಿಗೆಯ ಷೇರಿಗೆ ಬಳೆಗಳಷ್ಟು ಬೆಲೆಯೂ ಉಳಿಯಲಿಲ್ಲ. ಮರಿಯಪ್ಪನ ಸ್ವಂತ ಉಳಿತಾಯವೂ ಅದರಲ್ಲೇ ಇತ್ತು. ಅದನ್ನು ನೆನೆಸಿಕೊಳ್ಳಲೂ ಅವನಿಗೆ ಮನಸ್ಸಿರಲಿಲ್ಲ. ಬೆಹಾಲಾದ ಫ್ಲಾಟು ಮಾರಿ ಅತ್ತಿಗೆಗೆ ಮನೆ ಕೊಡಿಸುತ್ತೇನೆ ಎಂದು ವಾಸಂತಿಯ ಮುಂದೆ ಅಂದ. ವಾಸಂತಿ ತಡೆಯಲಿಲ್ಲ. ತಡೆದವಳು ಅತ್ತಿಗೆ. “ಹುಚ್ಚಾ ನಿಂಗೆ? ಮಗ್ಳ ಮದ್ವೆ ಮಾಡ್ಬೇಕು. ಬಾಯ್ ಮುಚ್ಕಂಡು ಕೂತ್ಕೊ,” ಎಂದು ಗದರಿದಳು. ಅವಳು ಅವನನ್ನು ಗದರಿದ್ದು ಅದೊಂದೇ ಸಲ. ಕಂಪನಿ ಬಗ್ಗೆ, ಕಟ್ಟೆ ಬಗ್ಗೆ ಒಂದು ಮಾತೂ ಆಡಲಿಲ್ಲ.

ದತ್ತ ಬಾಬು ಲಕ್ಷ್ಮೀಪೂಜೆ ಕಳೆದ ಮೇಲೂ ದೀಪಾವಳಿಯ ಕಾಳಿಪೂಜೆಯವರೆಗೆ ಕಾದ. ಆಮೇಲೆ ಕೈ ಮುಗಿದು, ಬೌದಿ ಕ್ಷಮಿಸಿ ಅಂದ. ಮನೆ ಬಿಲ್ಡರನ ಪಾಲಾಯಿತು. ಪಾಡಾದ ಹೆಂಗಸರು ಪಾತ್ರೆ ಕಟ್ಟಲು ಬಂದು, ಕಟ್ಟುವುದನ್ನು ಬಿಟ್ಟು ಅಳುತ್ತ ಕೂತರು. ಅವರನ್ನೆಲ್ಲ ಸಮಾಧಾನ ಮಾಡಿ ಚಹಾ ಮಾಡಿಕೊಟ್ಟವಳು ಕೃಷ್ಣವೇಣಿ. ಮರಿಯಪ್ಪ ಜಗುಲಿಯ ಮೇಲೆ ಬೆನ್ನು ಹಾಕಿ ನಿಂತಿದ್ದ. ಒಳಗೆ ಹೋಗಲು ಅವನಿಗೆ ಧೈರ್ಯ ಸಾಲಲಿಲ್ಲ.

ಅತ್ತಿಗೆ ಬೆಹಾಲಾಕ್ಕೆ ಬಂದಳು. ನಿಹಾರಿಕಾ ತನ್ನ ಕೋಣೆ ಬಿಟ್ಟುಕೊಟ್ಟಳು. ವಾಸಂತಿ ಅಕ್ಕನೆಂದೇ ನಡೆಸಿಕೊಂಡಳು. ಮೂವರು ಹೆಂಗಸರೂ ಸೇರಿ ನಗುವುದೂ ಇತ್ತು. ಆದರೆ ಮರಿಯಪ್ಪ ಅವಳ ಮುಖ ನೋಡಲಾರದೆ ಹೋದ. ಅವಳು ಬಡಿಸಿದರೆ ಅರ್ಧ ಉಂಡು ಏಳುತ್ತಿದ್ದ. ಅವಳು ಟೀವಿಯ ಮುಂದೆ ಕೂತರೆ ಅವನು ಬಾಲ್ಕನಿಗೆ ಹೋಗುತ್ತಿದ್ದ, ಬಾಲ್ಕನಿಗೆ ಬಂದರೆ ಏನೋ ತರುವ ನೆಪದಲ್ಲಿ ಬೀದಿಗೆ. ಯಾರೂ ಕೇಳದಿದ್ದರೂ ಅವನೇ ಕಟ್ಟಿಕೊಂಡ ಸೆರೆ ಅದು. ಮೈ ಇಳಿಯಿತು. ಮಳೆಯ ಬಗ್ಗೆ ಯಾರಾದರೂ ಫೋನು ಮಾಡಿದರೆ ನನಗೇನು ಗೊತ್ತು ಎಂದು ಇಟ್ಟುಬಿಡುತ್ತಿದ್ದ. ಅತ್ತಿಗೆ ಇದನ್ನೆಲ್ಲ ನೋಡುತ್ತಿದ್ದಳು.

ಮಾಗಿಯ ಚಳಿ ಶುರುವಾಗುವ ಮುಂಚೆ ಒಂದು ದಿನ ಊಟದ ಹೊತ್ತಿನಲ್ಲಿ ಅವಳು, “ಮೈಸೂರ್‌ನಲ್ಲಿ ನನ್ ತಮ್ಮ ಸುಮಂತ ಕರೀತಾವ್ನೆ. ವಸಿ ದಿನ ಅಲ್ಲಿದ್ದು ಬತ್ತೀನಿ,” ಎಂದಳು.

ವಸಿ ದಿನಕ್ಕೆ ಯಾರೂ ದೇವರ ಪಟ, ಒರಳು, ಗಂಡನ ಫೋಟೋ ಎಲ್ಲವನ್ನೂ ಕಟ್ಟಿಕೊಳ್ಳುವುದಿಲ್ಲ. ಮರಿಯಪ್ಪ ಮುದ್ದೆ ಮುರಿಯುತ್ತ ಕೂತ. ಬೇಡ ಎನ್ನಬೇಕು ಎಂದುಕೊಂಡ. ಯಾವ ಬಾಯಲ್ಲಿ ಅನ್ನುವುದು?

ಹೌರಾದಲ್ಲಿ ರೈಲು ಹೊರಡುವವರೆಗೆ ಅವಳು ಕಿಟಕಿಯ ಕಂಬಿಯಿಂದ ಕೈ ಹೊರಗಿಟ್ಟು ನಿಹಾರಿಕಾಳ ಕೈ ಹಿಡಿದಿದ್ದಳು. ಲೇಕ್ ಗಾರ್ಡನ್ಸಿನ ನಾಲ್ಕು ಜನ ಹೆಂಗಸರು ಅಲ್ಲಿಯವರೆಗೂ ಬಂದಿದ್ದರು. ಬೌದಿ, ಬೌದಿ ಎಂದು ಒಬ್ಬರಾದ ಮೇಲೊಬ್ಬರು ಏನೇನೋ ಹೇಳುತ್ತಿದ್ದರು. ರೈಲು ಅಲುಗಿದಾಗ ಅವಳು ಮರಿಯಪ್ಪನನ್ನು ನೋಡಿ, “ಸರಿಯಾಗ್ ಉಣ್ಣು,” ಎಂದಳು. ಅವನು ತಲೆಯಾಡಿಸಿದ.

ಟ್ಯಾಕ್ಸಿ ಸೇತುವೆ ದಾಟುವಾಗ ನಿಹಾರಿಕಾ ಇದ್ದಕ್ಕಿದ್ದಂತೆ ಬಿಕ್ಕಿ ಬಿಕ್ಕಿ ಅಳಲು ತೊಡಗಿದಳು. ವಾಸಂತಿ ಬೆನ್ನು ಸವರಿದಳು. ಅವಳು ನಿಲ್ಲಿಸಲಿಲ್ಲ.

“ಅಪ್ಪಾ, ನಾನು ದೊಡ್ಡಮ್ಮಂಗೆ ಹೇಳಿದ್ದೆ.”

“ಏನ್ ಹೇಳಿದ್ದೆ?”

“ಷೇರ್ ಬಗ್ಗೆ. ನೀವು ನನ್ ಮಾತು ಕೇಳ್ಲಿಲ್ಲ ಅಲ್ವಾ, ನೆಕ್ಸ್ಟ್ ಡೇ ಆಫೀಸಿಂದ ಸೀದಾ ಲೇಕ್ ಗಾರ್ಡನ್ಸ್‌ಗೆ ಹೋದೆ. ರಿಪೋರ್ಟ್‌ನಲ್ಲಿ ಜೀರೋ ಇತ್ತು ಅಪ್ಪಾ. ಎವ್ರಿ ಡೇ ಜೀರೋ. ಎಲ್ಲಾ ಎಕ್ಸ್‌ಪ್ಲೇನ್ ಮಾಡ್ದೆ. ಆವಾಗ ರೇಟ್ ಇನ್ನೂ ಚೆನ್ನಾಗಿತ್ತು, ಬಳೆ ಸೇರಿಸಿದ್ರೆ ಮನೆ ಆಗ್ತಿತ್ತು. ಆ್ಯಪ್ ಓಪನ್ ಮಾಡಿ ಕೈಯಲ್ಲಿ ಕೊಟ್ಟೆ. ಜಸ್ಟ್ ಬೆರಳು ಇಡೋದು ಅಷ್ಟೇ ಇತ್ತು. ದೊಡ್ಡಮ್ಮ ಬೆರಳು ಹತ್ರ ತಂದ್ರು. ಆಮೇಲೆ ತೆಗ್ದುಬಿಟ್ರು.”

ಟ್ಯಾಕ್ಸಿಯ ಹೊರಗೆ ಹೂವಿನ ಮಾರ್ಕೆಟ್ಟಿನ ಗದ್ದಲ. ಮರಿಯಪ್ಪನಿಗೆ ಅದೊಂದೂ ಕೇಳಿಸಲಿಲ್ಲ.

“ನಿಮ್ಮಪ್ಪಂಗೆ ಹೇಳ್‌ಬ್ಯಾಡ ಅಂತ ಆಣೆ ಹಾಕಿಸ್ಕೊಂಡ್ರು,” ಎಂದಳು ನಿಹಾರಿಕಾ. “ನಾನು ಹೇಳ್ಬೇಕಿತ್ತು. ಜಗಳ ಆದ್ರೂ ಹೇಳ್ಬೇಕಿತ್ತು.”

ಅವಳನ್ನು ಏನಾದರೂ ಅನ್ನುವ ಹಕ್ಕು ತನಗಿಲ್ಲ ಎಂದು ಮರಿಯಪ್ಪನಿಗೆ ಗೊತ್ತಿತ್ತು. ಮಗಳ ತಲೆಯ ಮೇಲೆ ಕೈಯಿಟ್ಟ.

ಅತ್ತಿಗೆ ಮೈಸೂರು ಮುಟ್ಟಿದ ದಿನ ಅವಳೇ ಫೋನು ಮಾಡಿದಳು. ಪ್ರಯಾಣ ಸುಖವಾಯಿತು, ಸುಮಂತ ಸ್ಟೇಷನ್ನಿಗೆ ಬಂದಿದ್ದ, ಅವನ ಹೆಂಡತಿ ಬಿಸಿನೀರು ಕಾಯಿಸಿಟ್ಟಿದ್ದಳು ಎಂದೆಲ್ಲ ಹೇಳಿದಳು. ಮರಿಯಪ್ಪ ಬಾಲ್ಕನಿಯಲ್ಲಿ ನಿಂತು ಎಲ್ಲವನ್ನೂ ಕೇಳಿದ. ಕೇಳಿ ಮುಗಿಸಿ, “ಅತ್ಗೆ, ನಿಹಾರಿಕಾ ಹೇಳುದ್ಲು,” ಎಂದ.

“ಆ ಹುಡ್ಗಿ ಬಾಯಲ್ಲಿ ಒಂದೂ ನಿಲ್ಲಕ್ಕಿಲ್ಲ.”

“ಯಾಕ್ ಮಾರ್ನಿಲ್ಲ ಅತ್ಗೆ? ನಾನ್ ಹೇಳಿದ್ದು ಸುಳ್ಳು ಅಂತ ಗೊತ್ತಾಗಿತ್ತಲ್ಲ ನಿಂಗೆ?”

“ಎಲ್ಲಿ ಗೊತ್ತಾಗಿತ್ತು? ಅವ್ಳು ಹೇಳಿದ್ದೂ ದಿಟ ಅನ್ನುಸ್ತು, ನೀನ್ ಹೇಳಿದ್ದೂ ದಿಟ ಅನ್ನುಸ್ತು. ಮಾರ್ಬುಡಾನ ಅಂತ್ಲೇ ಬೆಳ್ಳು ಹತ್ರ ತಂದಿದ್ದೆ ಕಣಪ್ಪ. ಅಷ್ಟ್ರಲ್ಲಿ ಹಯವದನ್ರು ಗ್ಯಾಪ್ಕ ಬಂದ್ರು. ಅಂಥಾ ಮನ್ಸನ್ನ ನೀನು ಬೀದಿಲಿ ಕಂಡ್ರೂ ಕಾಣ್ದಂಗೆ ಓಯ್ತಿದ್ದೆ. ನನ್ನೂ ಅಂಗೇ ಮಾಡ್ಬುಟ್ರೆ? ಮನೆ ಉಳ್ಸ್ಕಂಡು, ಆ ಮನೆ ಬಾಗ್ಲಿಗೆ ನೀನ್ ಬರ್ದೆ ಓದ್ರೆ, ನಾನ್ ಅಲ್ಲಿ ಯಾರ್ಗೆ ಅಂತ ಒಲೆ ಹಚ್ಲಿ?”

ಮರಿಯಪ್ಪ ಬಾಲ್ಕನಿಯ ಕಂಬಿ ಹಿಡಿದುಕೊಂಡ.

“ನಿನ್ ಕೂಡ ನಾನು ಮಾತ್ ಬಿಡ್ತಿದ್ನಾ ಅತ್ಗೆ?”

“ಬಿಡ್ತಿರ್ನಿಲ್ವಾ?”

ಚುಚ್ಚಲು ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅವನಿಂದಲೇ ತಿಳಿಯಬೇಕಾಗಿತ್ತು. ಇಲ್ಲ ಅನ್ನಲು ಅವನು ಬಾಯಿ ತೆರೆದ. ತೆರೆದವನಿಗೆ ಆ ಭಾದ್ರಪದದ ತಾನು ನೆನಪಾದ. ತುಂಬಿದ ಕಟ್ಟೆಯ ಅಂಕಿಯನ್ನು ದಿನಾ ಬೆಳಿಗ್ಗೆ ಕೂಗಿ ಹೇಳುತ್ತಿದ್ದವನು, ತನ್ನ ಮಾತು ಮೀರಿ ಅತ್ತಿಗೆ ಮಾರಿದಳೆಂದು ಆಗ ಗೊತ್ತಾಗಿದ್ದರೆ ಏನು ಮಾಡುತ್ತಿದ್ದನೆಂದು ಅವನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಆ ಕಡೆ ಅವಳು ಫೋನು ಇಡಲಿಲ್ಲ. ಅವನ ಉತ್ತರಕ್ಕೆ ಕಾಯುತ್ತಲೇ ಇದ್ದಳು.